ಒಂದು ಮಿಲಿಮೀಟರಿನ ಆಚೆ ಈಚೆ

ಚಗಳಿ ಇರುವೆಯನ್ನು ಅದರ ನಿಜವಾದ ಅಳತೆಯಲ್ಲೇ ಕ್ಯಾಮೆರಾದ ಸೆನ್ಸರಿನ ಮೇಲೆ ಮೂಡಿಸಿದಾಗ, ಅಪರ್ಚರ್ ಎಫ್/8ರಲ್ಲಿದ್ದರೆ, ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುಕಡಿಮೆ 1 ಮಿಲಿಮೀಟರ್. ಇರುವೆಯನ್ನು ಎರಡು ಪಟ್ಟು ಹಿಗ್ಗಿಸಿದರೆ ಆ ಆಳ ಅರ್ಧಕ್ಕೂ ನಿಲ್ಲದೆ ಸುಮಾರು ಮೂರರಲ್ಲೊಂದು ಪಾಲಿಗೆ ಕುಸಿಯುತ್ತದೆ. ಕಣ್ಣು ಸಿಕ್ಕರೆ ಮೀಸೆ ಮಂಜು. ಮೀಸೆ ಸಿಕ್ಕಿತೆನ್ನುವಾಗ ಕಣ್ಣು ಹೋಯಿತು. ಅಪರ್ಚರನ್ನು ಎಫ್/22ರವರೆಗೆ ಕಿರಿದಾಗಿಸಿ ಆಳ ಹೆಚ್ಚಿಸಿಕೊಳ್ಳೋಣವೆಂದರೆ, ಬೆಳಕು ಆ ಸಣ್ಣ ಕಿಂಡಿಯ ಅಂಚಿನಲ್ಲಿ ಬಾಗಿ ಹರಡಿಕೊಂಡು ಇಡೀ ಚಿತ್ರವನ್ನೇ ತೆಳುವಾಗಿ ಮಸುಕು ಮಾಡುತ್ತದೆ. ಯಾವ ರೋಮ, ಯಾವ ಮುಳ್ಳಿಗಾಗಿ ಅಷ್ಟು ಹತ್ತಿರ ಹೋದೆವೋ ಅವೇ ಮೊದಲು ಕರಗುತ್ತವೆ.

ಈ ಇಕ್ಕಟ್ಟಿಗೆ ಛಾಯಾಗ್ರಾಹಕರು ಕಂಡುಕೊಂಡ ದಾರಿ ಫೋಕಸ್ ಸ್ಟ್ಯಾಕಿಂಗ್. ಫೋಕಸನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತ ಸಾಲಾಗಿ ಚಿತ್ರ ತೆಗೆಯಬೇಕು. ಒಂದೊಂದರಲ್ಲೂ ದೇಹದ ಒಂದು ತೆಳು ಪದರ ಮಾತ್ರ ಸ್ಫುಟ. ಆಮೇಲೆ ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ಮುಂತಾದ ತಂತ್ರಾಂಶಗಳು ಪ್ರತಿ ಚಿತ್ರದ ಚೊಕ್ಕ ಭಾಗವನ್ನಷ್ಟೇ ಆರಿಸಿ ಒಂದೇ ಚಿತ್ರವಾಗಿ ಕೂಡಿಸುತ್ತವೆ, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಬಾಳೆದಿಂಡನ್ನು ಅದೇ ಸಾಲಿನಲ್ಲಿ ಜೋಡಿಸಿ ಮತ್ತೆ ದಿಂಡು ಮಾಡಿದ ಹಾಗೆ. ಈಚೆಗೆ ಕ್ಯಾಮೆರಾಗಳಿಗೇ ಈ ವಿದ್ಯೆ ಬಂದಿದೆ. 2015ರಲ್ಲಿ ಒಲಿಂಪಸ್ ಇ-ಎಂ1 ಕ್ಯಾಮೆರಾ 8 ಚಿತ್ರಗಳನ್ನು ತನ್ನೊಳಗೇ ಜೋಡಿಸಿಕೊಡಲು ಶುರುಮಾಡಿತು. 2017ರ ನಿಕಾನ್ ಡಿ850 ತಾನೇ ಫೋಕಸ್ ಸರಿಸುತ್ತ ಹೋಗಿ, ಜೋಡಿಸುವ ಕೆಲಸವನ್ನು ನಮಗೆ ಬಿಡುತ್ತದೆ.

ಈ ಕಲೆ ಕೋಣೆಯೊಳಗೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಬ್ರಿಟನ್ನಿನ ಲೆವನ್ ಬಿಸ್ ತೋರಿಸಿದ್ದಾರೆ. 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡ ಅವರ ಒಂದೊಂದು ಕೀಟಚಿತ್ರದ ಹಿಂದೆಯೂ ಸುಮಾರು 8,000 ಚಿತ್ರಗಳಿವೆ. ಆ ಕೀಟಗಳ ಬೆನ್ನಿನ ಕುಳಿ, ಗೆರೆ, ಹೊಳಪನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅವು ಸಂಗ್ರಹಾಲಯದ ಮಾದರಿಗಳು. ಎಷ್ಟು ದಿನ ಬೇಕಾದರೂ ಅಲುಗದೆ ಕಾಯುತ್ತವೆ.

ತೋಟದಲ್ಲಿ ಯಾವುದೂ ಕಾಯುವುದಿಲ್ಲ. ನಮ್ಮ ಚರ್ಮಕ್ಕೆ ತಾಕದಷ್ಟು ಮೆಲ್ಲಗಿನ ಗಾಳಿಯೂ ದಾಸವಾಳದ ಎಲೆಯನ್ನು ಒಂದು ಮಿಲಿಮೀಟರ್ ಸರಿಸುತ್ತದೆ, ಮತ್ತು ನಮ್ಮ ಜಗತ್ತು ಇರುವುದೇ ಆ ಒಂದು ಮಿಲಿಮೀಟರಿನಲ್ಲಿ. ಟ್ರೈಪಾಡ್ ಹೂಡುವಷ್ಟರಲ್ಲಿ ಜೀವಿ ಎಲೆಯ ಅಡಿಗೆ ಸರಿದಿರುತ್ತದೆ. ಹಾಗಾಗಿ ನಾನು ಕೈಯನ್ನೇ ನಂಬುತ್ತೇನೆ. ಎಡಗೈಯ ಎರಡು ಬೆರಳಲ್ಲಿ ಎಲೆಯ ತೊಟ್ಟು, ಅದೇ ಕೈಯ ಮೇಲೆ ಲೆನ್ಸು. ಹೀಗೆ ಹಿಡಿದರೆ ಎಲೆ ಅಲುಗಿದಾಗ ಕ್ಯಾಮೆರಾವೂ ಜೊತೆಗೇ ಅಲುಗುತ್ತದೆ. ಫೋಕಸ್ ರಿಂಗನ್ನು ಮುಟ್ಟುವುದಿಲ್ಲ. ಉಸಿರು ಬಿಡುತ್ತ ಮೈಯನ್ನೇ ನಿಧಾನವಾಗಿ ಮುಂದೆ ವಾಲಿಸಬೇಕು, ಆ ವಾಲುವಿಕೆಯ ಉದ್ದಕ್ಕೂ ಚಿತ್ರಗಳು ಬೀಳುತ್ತ ಹೋಗಬೇಕು. ಬೆಳಕಿಗೆ ಡಿಫ್ಯೂಸರ್ ಹೊದಿಸಿದ ಫ್ಲ್ಯಾಶ್.

ಹೊತ್ತೂ ಮುಖ್ಯ. ಹೆಚ್ಚಿನ ಕೀಟಗಳ ಮೈಗೆ ಬಿಸಿ ಬರಬೇಕಾದ್ದು ಹೊರಗಿನಿಂದ. ಮಳೆಗಾಲ ಕಳೆದು ಇಬ್ಬನಿ ಬೀಳತೊಡಗಿದ ಮೇಲೆ, ಬಿಸಿಲು ಬೇಲಿಗೆ ತಾಕುವ ಮೊದಲು ಹೋದರೆ, ಡ್ಯಾಮ್ಸೆಲ್‌ ಫ್ಲೈಗಳು ಹುಲ್ಲಿನ ಕಡ್ಡಿಗೆ ಆತುಕೊಂಡು, ಮೈತುಂಬ ಹನಿ ಹೊತ್ತು ಕೂತಿರುತ್ತವೆ. ಬಿಸಿಲು ಏರಿದ ಹಾಗೆ ರೆಕ್ಕೆ ನಡುಗತೊಡಗುತ್ತದೆ. ಆ ನಡುಕ ಕಂಡರೆ ಚಿತ್ರ ಮುಗಿಯಿತೆಂದೇ ಅರ್ಥ. ಅದು ತನ್ನ ದಿನಕ್ಕೆ ಸಿದ್ಧವಾಗುತ್ತಿದೆ.

ಜಿಗಿಯುವ ಜೇಡದ ಕತೆಯೇ ಬೇರೆ. ಅದು ತಿರುಗಿ ನಮ್ಮನ್ನು ನೋಡುತ್ತದೆ. ಎಂಟು ಕಣ್ಣುಗಳಲ್ಲಿ ಮುಂದಿನ ನಡುವಿನ ಎರಡು ದೊಡ್ಡವು. ಅವುಗಳ ಮಸೂರ ತಲೆಗೆ ಅಂಟಿಕೊಂಡಿದ್ದು ಅಲುಗುವುದಿಲ್ಲ, ಒಳಗಿನ ಕೊಳವೆಯ ತುದಿಯಲ್ಲಿರುವ ರೆಟಿನಾ ಅತ್ತಿತ್ತ ಆಡುತ್ತದೆ. ಮೈ ಬಣ್ಣ ತಿಳಿಯಾದ ಜಾತಿಗಳಲ್ಲಿ ಇದು ಹೊರಗಿನಿಂದಲೇ ಗೊತ್ತಾಗುತ್ತದೆ: ನೆಟ್ಟಗೆ ನಮ್ಮತ್ತ ನೋಡುವಾಗ ಕಣ್ಣು ಕಪ್ಪು, ನೋಟ ಸರಿದೊಡನೆ ತಿಳಿ. ಜೇಡ ಕಾಲು ಕದಲಿಸದಿದ್ದರೂ ಸಾಲಿನ ಮೂರನೆಯ ಚಿತ್ರದ ಕಣ್ಣೇ ಬೇರೆ, ಐದನೆಯದರ ಕಣ್ಣೇ ಬೇರೆ. ಇರುವೆಯಾದರೆ ಮೀಸೆ ಆಡಿಸುತ್ತದೆ. ತಂತ್ರಾಂಶ ನಿಷ್ಠೆಯಿಂದ ಅದಕ್ಕೆ ಮೂರನೆಯ ಮೀಸೆಯೊಂದನ್ನು ಕೊಟ್ಟುಬಿಡುತ್ತದೆ. ಅಂಥದನ್ನು ಅಳಿಸಿ, ಒಂದೇ ಕ್ಷಣದ ಮೀಸೆಯನ್ನು ಉಳಿಸಿಕೊಳ್ಳುವುದು ತಾಳ್ಮೆಯ ಕೈಗೆಲಸ.

ಹೀಗೆ ಜೋಡಿಸಿದ ಜೇಡದ ಮುಖವನ್ನು ಒಮ್ಮೆ ನಮ್ಮ ದೊಡ್ಡಮ್ಮನಿಗೆ ತೋರಿಸಿದೆ. ತುಂಬ ಹೊತ್ತು ನೋಡಿ, "ಇದಕ್ಕೆ ರೆಪ್ಪೆಗೂದಲೂ ಉಂಟಲ್ಲೋ! ಇಷ್ಟು ದಿನ ಕಸಬರಿಗೆಯಲ್ಲಿ ಗುಡಿಸಿ ಹಾಕ್ತಿದ್ದೆನಲ್ಲ" ಎಂದರು. ರೆಪ್ಪೆ ಅದಕ್ಕಿಲ್ಲ, ಕಣ್ಣಿನ ಸುತ್ತಲಿನ ರೋಮ ಹಾಗೆ ಕಾಣುತ್ತದೆ ಎಂದು ವಿವರಿಸಿದೆ. ಆದರೆ ಅವರ ಮಾತಿನಲ್ಲಿದ್ದ ಸಂಕಟ ನನಗೆ ಯಾವ ಬಹುಮಾನಕ್ಕಿಂತಲೂ ದೊಡ್ಡದೆನಿಸಿತು.

ಇನ್ನೊಂದು ಸಂಗತಿ ನನ್ನನ್ನು ಬಹಳವಾಗಿ ಕಾಡುತ್ತದೆ. ನಾವು ಇಷ್ಟು ಕಷ್ಟಪಟ್ಟು ತೊಡೆದುಹಾಕುವ ಮಸುಕೇ ಆ ಜೇಡಕ್ಕೆ ಅಳತೆಗೋಲು. ಬೆಚ್ಚಗಿನ ನಾಡುಗಳ ಮನೆಗಳಲ್ಲೆಲ್ಲ ಕಾಣಸಿಗುವ ಹಸಾರಿಯಸ್ ಅಡನ್ಸೋನಿ ಎಂಬ ಜಿಗಿಯುವ ಜೇಡದ ಬಗ್ಗೆ ಜಪಾನಿನ ಒಸಾಕಾದ ವಿಜ್ಞಾನಿಗಳು 2012ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಅದರ ದೊಡ್ಡ ಕಣ್ಣಿನ ರೆಟಿನಾದಲ್ಲಿ ಒಂದರ ಹಿಂದೊಂದು ನಾಲ್ಕು ಪದರಗಳು. ಹಸಿರು ಬೆಳಕಿಗೆ ಸ್ಪಂದಿಸುವ ಎರಡು ಪದರಗಳಲ್ಲಿ ಒಂದರ ಮೇಲೆ ಬಿಂಬ ಸ್ಪಷ್ಟ, ಇನ್ನೊಂದರ ಮೇಲೆ ಯಾವಾಗಲೂ ಮಸುಕು. ಎಷ್ಟು ಮಸುಕು ಎಂಬುದರಿಂದ ಬೇಟೆ ಎಷ್ಟು ದೂರ ಎಂಬುದು ಅದಕ್ಕೆ ತಿಳಿಯುತ್ತದೆ. ಹಸಿರು ಬೆಳಕಿನಲ್ಲಿ ಗುರಿ ತಪ್ಪದ ಜೇಡಗಳು, ಬರೀ ಕೆಂಪು ಬೆಳಕಿನಲ್ಲಿ ಬೇಟೆಗೆ ಮುಟ್ಟದೆ ಮೊದಲೇ ಬಿದ್ದವು. ಇದನ್ನು ಓದಿದ ಮೇಲೆ, ತಲೆಯಿಂದ ಬೆನ್ನ ತುದಿಯವರೆಗೆ ಎಲ್ಲವೂ ಚೊಕ್ಕವಾಗಿರಲೇಬೇಕೆಂಬ ಹಟ ನನ್ನಲ್ಲಿ ಸಡಿಲವಾಯಿತು. ಮುಖ, ಮುಂಗಾಲು ಸ್ಪಷ್ಟವಾಗಿರಲಿ. ಹಿಂಬದಿ ಹಸಿರಿನಲ್ಲಿ ಕರಗಲಿ. ಆಗ ಜೀವಿ ಒಂದು ಜಾಗದಲ್ಲಿ ಕೂತಿರುವಂತೆ ಕಾಣುತ್ತದೆ.

ಆದರೆ ಪದರಗಳು ಅಗತ್ಯವಾಗಿಯೇ ಬೇಕಾದ ಕಡೆಗಳೂ ಇವೆ. ಚಗಳಿ ಗೂಡುಗಳ ಆಸುಪಾಸಿನಲ್ಲಿ ಚಗಳಿಯ ವೇಷ ಹೊತ್ತ ಜಿಗಿಯುವ ಜೇಡವೊಂದಿದೆ, ಮಿರ್ಮಪ್ಲಾಟ ಪ್ಲಾಟಲಿಯೋಯ್ಡಿಸ್. ಅದೇ ಕೆಂಗಂದು ಬಣ್ಣ, ಅದೇ ಸಪೂರ ಸೊಂಟ. ಮುಂಗಾಲೆರಡನ್ನೂ ಮೀಸೆಯಂತೆ ಎತ್ತಿ ಹಿಡಿಯುತ್ತದೆ. ತಲೆಯ ಬದಿಗಳಲ್ಲಿ ಇರುವೆಗಣ್ಣಿನಂತೆ ತೋರುವ ಕಪ್ಪು ಮಚ್ಚೆಗಳು. ಗಂಡಿನ ದವಡೆ ಮುಂದಕ್ಕೆ ಎಷ್ಟು ಚಾಚಿರುತ್ತದೆಂದರೆ, ಒಂದು ಇರುವೆ ಇನ್ನೊಂದನ್ನು ಕಚ್ಚಿ ಹೊತ್ತೊಯ್ಯುವಂತೆ ಕಾಣುತ್ತದೆ. ಒಂದೇ ಚಿತ್ರದಲ್ಲಿ ಈ ವೇಷ ಬಯಲಾಗುವುದು ಕಷ್ಟ. ಕಣ್ಣು, ಸೊಂಟ, ನಾಲ್ಕು ಜೊತೆ ಕಾಲು ಎಲ್ಲ ಬೇರೆ ಬೇರೆ ಆಳದಲ್ಲಿರುತ್ತವೆ. ಎಂಟು ಹತ್ತು ಚಿತ್ರ ಕೂಡಿಸಿದರೆ ಇರುವೆ ಹೋಗಿ ಜೇಡ ಎದ್ದು ಬರುತ್ತದೆ.

ಇಷ್ಟನ್ನೂ ಅದು ತಾನಾಗಿ ನಿಂತಷ್ಟು ಹೊತ್ತಿನಲ್ಲೇ ಪಡೆಯಬೇಕು. ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ, ಎಲೆಯ ಮೇಲೆ ಕೂರಿಸಿ, ನೀರು ಚಿಮುಕಿಸಿ ಮುಂಜಾವಿನ ಚಿತ್ರವೆಂದು ತೋರಿಸುವವರಿದ್ದಾರೆ. ಕೊಂದು ಅಂಟಿನಿಂದ ನಿಲ್ಲಿಸುವವರೂ ಇದ್ದಾರೆ. ಅಂಥ ಚಿತ್ರ ಎಷ್ಟೇ ಸ್ಫುಟವಾಗಿರಲಿ, ನನಗೆ ಅದರತ್ತ ನೋಡಲಾಗುವುದಿಲ್ಲ. ಹೊರಗೆ ತೆಗೆದ ಚಿತ್ರದಲ್ಲಿ ಎಷ್ಟು ಪದರಗಳಿವೆಯೋ ಅಷ್ಟು ಹೊತ್ತು ಆ ಜೀವಿ ನಮ್ಮನ್ನು ಸಹಿಸಿದೆ. ಕೆಲವೊಮ್ಮೆ ಎರಡೇ ಪದರ. ಸ್ಪರ್ಧೆ ನಡೆಸುವವರು, ಪತ್ರಿಕೆಯವರು ಪ್ರತಿ ಚಿತ್ರದ ಅಡಿಯಲ್ಲೂ ಎರಡು ಸಂಗತಿ ಬರೆಸಿಕೊಳ್ಳಬೇಕೆಂದು ನನ್ನ ಒತ್ತಾಯ: ಎಷ್ಟು ಚಿತ್ರಗಳನ್ನು ಕೂಡಿಸಿದ್ದು, ಮತ್ತು ಚಿತ್ರ ತೆಗೆದಾಗ ಜೀವಿ ತನ್ನ ಜಾಗದಲ್ಲಿ, ತನ್ನಿಷ್ಟದಂತೆ ಇತ್ತೇ ಎಂಬುದು.