ಹನ್ನೆರಡೋ, ಎಂಟೋ?

ನಾವು ನಾಲ್ಕು ಜನ. ಒಂದೇ ರೂಮು, ಒಂದೇ ಮಿನಿ ಪ್ರಾಜೆಕ್ಟು, ಒಂದೇ ಹಳೇ ಪಿಸಿ. ಪಿಸಿ ಹುಬ್ಬಳ್ಳಿಯವನ ಅಣ್ಣ ಕೊಟ್ಟಿದ್ದು. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಮೂರನೇ ಸೆಮ್ ಶುರುವಾದಾಗ ತಲಾ 7,500 ಹಾಕಿ 30,000 ರೂಪಾಯಿ ಕೂಡಿಸಿದೆವು. ಮನೆಯಲ್ಲಿ ಕೇಳಿ ತಂದ ದುಡ್ಡು, ಎರಡನೇ ಸಲ ಕೇಳೋ ಹಾಗಿಲ್ಲ. ಆ ದುಡ್ಡಿಗೆ ಯಾವ ಕಾರ್ಡ್ ಅನ್ನೋ ಒಂದು ಪ್ರಶ್ನೆಗೆ ಎರಡು ವಾರ ಜಗಳ ಆಡಿದೀವಿ.

ಪ್ರಾಜೆಕ್ಟ್ ಏನಂದ್ರೆ, ಅಡಿಕೆ ಸೋಗೆಯ ಫೋಟೋ ನೋಡಿ ಎಲೆಚುಕ್ಕಿ ರೋಗ ಗುರುತಿಸೋದು. ಕೊಪ್ಪದವನ ಮನೆ ತೋಟಕ್ಕೇ ಆ ರೋಗ ಬಂದಿದೆ. ಶುರುವಿನಲ್ಲಿ ಸೋಗೆ ಮೇಲೆ ಸಣ್ಣ ಸಣ್ಣ ಚುಕ್ಕಿ, ಆಮೇಲೆ ಅವು ಕೂಡಿಕೊಂಡು ಎಲೆನೇ ಒಣಗುತ್ತೆ. ಮೊದಲೇ ಗೊತ್ತಾದ್ರೆ ಔಷಧಿ ಹೊಡೀಬಹುದು. ಮಿಕ್ಕ ಮೂವರೂ ಅಡಿಕೆ ಮರ ನೋಡಿದ್ದು ಬಸ್ಸಿನ ಕಿಟಕಿಯಿಂದ.

ಕೊನೆಗೆ ಉಳಿದಿದ್ದು ಎರಡು: 2021ರ ಆರ್‌ಟಿಎಕ್ಸ್ 3060, 2023ರ ಆರ್‌ಟಿಎಕ್ಸ್ 4060. ಮೈಸೂರಿನವನು 4060 ಪಾರ್ಟಿ. ಅವನು ಗೇಮ್ ಆಡ್ತಾನೆ ಅಂತ ನಮಗೆಲ್ಲ ಗೊತ್ತು, ಆದ್ರೆ ಅವನು ತಂದಿದ್ದು ಲೆಕ್ಕ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹೀಗೆ ಬರೆದ. 3060ರಲ್ಲಿ 3,584 ಕ್ಯೂಡಾ ಕೋರ್, ಬೂಸ್ಟ್ ಕ್ಲಾಕ್ 1.777 ಗಿಗಾಹರ್ಟ್ಜ್. ಪ್ರತಿ ಕೋರೂ ಒಂದು ಕ್ಲಾಕಿಗೆ ಒಂದು ಗುಣಾಕಾರ, ಒಂದು ಸಂಕಲನ ಒಟ್ಟಿಗೆ ಮಾಡುತ್ತೆ, ಅದಕ್ಕೇ ಎರಡರಿಂದ ಗುಣಿಸಬೇಕು. 3,584 × 2 × 1.777, ಅಂದ್ರೆ ಸುಮಾರು 12.7 ಟೆರಾಫ್ಲಾಪ್ಸ್. 4060ರಲ್ಲಿ ಕೋರ್ ಕಮ್ಮಿ, 3,072. ಆದ್ರೆ ಕ್ಲಾಕ್ 2.46. ಬಂದಿದ್ದು 15.1. ‘ಸುಮಾರು ನೂರಕ್ಕೆ 19 ಜಾಸ್ತಿ. ಅದೂ 170 ವಾಟ್ ಬದಲು 115 ವಾಟ್‌ನಲ್ಲಿ. ಇನ್ನೇನ್ರೋ ಬೇಕು?’ ಅಂದ.

ಲೆಕ್ಕ ತಪ್ಪಿರಲಿಲ್ಲ. ನಾವೂ ಒಪ್ಪಿಬಿಟ್ಟೆವು.

ಆಗ ತುಮಕೂರಿನವನು (ಇವನು ಮಾತಾಡೋದೇ ವಾರಕ್ಕೆ ಒಂದು ಸಲ) ಅದೇ ಹಾಳೆಯ ಕೆಳಗೆ ಇನ್ನೆರಡು ಸಾಲು ಬರೆದ. 3060ರ ಮೆಮೊರಿ ಬಸ್ 192 ಬಿಟ್, ವೇಗ 15 ಜಿಬಿಪಿಎಸ್. 192ನ್ನು 8ರಿಂದ ಭಾಗಿಸಿ 15ರಿಂದ ಗುಣಿಸಿದ್ರೆ ಸೆಕೆಂಡಿಗೆ 360 ಗಿಗಾಬೈಟ್. 4060ರದ್ದು 128 ಬಿಟ್, 17 ಜಿಬಿಪಿಎಸ್, ಬರೋದು 272. ಹೊಸ ಕಾರ್ಡಿನ ದಾರಿ ಹಳೇದಕ್ಕಿಂತ ಕಿರಿದು! ಇದಕ್ಕೆ ಮೈಸೂರಿನವನ ಹತ್ರ ಉತ್ತರ ಇತ್ತು: 4060ರ ಎಲ್2 ಕ್ಯಾಶ್ 24 ಎಂಬಿ, 3060ರದ್ದು ಬರೀ 3. ಪದೇ ಪದೇ ಬೇಕಾಗೋ ಡೇಟಾ ಚಿಪ್ಪಿನೊಳಗೇ ಸಿಗೋದ್ರಿಂದ ಮೆಮೊರಿ ತನಕ ಹೋಗೋ ಕೆಲಸ ಕಮ್ಮಿ. ಇದೂ ನಿಜವೇ. ಗೇಮ್‌ಗಳಲ್ಲಿ ಸಾಮಾನ್ಯವಾಗಿ 4060 ಮುಂದಿರೋದು ಸುಮ್ಮನೆ ಅಲ್ಲ.

ಹೀಗೆ ಒಬ್ಬೊಬ್ಬರೂ ಒಂದೊಂದು ನಂಬರ್ ಹಿಡ್ಕೊಂಡು ಕೂತಿದ್ವಿ. ಹುಬ್ಬಳ್ಳಿಯವನು ಮಾತ್ರ ‘ಯಾವ್ದರ ತಗೋರಿಪಾ, ನನ್ನ ನಿದ್ದಿ ಕೆಡಸಬ್ಯಾಡ್ರಿ’ ಅಂತ ಗೋಡೆ ಕಡೆ ತಿರುಗಿ ಮಲಗಿದ.

ಒಂದು ರಾತ್ರಿ ಕೊಪ್ಪದಿಂದ ಫೋನ್ ಬಂತು. ಅವನ ಅಪ್ಪಯ್ಯ. ‘ಎಂತ ತಗೊಂಡ್ರಿ?’ ಸ್ಪೀಕರ್‌ಗೆ ಹಾಕಿ ವಿವರಿಸೋಕೆ ಹೊರಟೆವು. ಟೆರಾಫ್ಲಾಪ್ಸ್ ಅಂದ್ರೆ ಅವರಿಗೆ ಗೊತ್ತಿಲ್ಲ. ಬ್ಯಾಂಡ್‌ವಿಡ್ತ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ನಮಗೆ ಗೊತ್ತಿಲ್ಲ. ನಾಲ್ಕೂ ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್. ಕೊಪ್ಪದವನೇ ಸ್ವಲ್ಪ ಹೊತ್ತು ತಡವರಿಸಿ ಹೇಳಿದ: ಅಪ್ಪಯ್ಯ, ಕೋರ್ ಅಂದ್ರೆ ಅಡಿಕೆ ಸುಲಿಯೋ ಜನ. ಕ್ಲಾಕ್ ಅಂದ್ರೆ ಅವರ ಕೈ ಎಷ್ಟು ಚುರುಕು ಅಂತ. ಬ್ಯಾಂಡ್‌ವಿಡ್ತ್ ತೋಟದಿಂದ ಕೊನೆ ಹೊತ್ತು ತರೋ ದಾರಿ. ಮೆಮೊರಿ, ತಂದು ರಾಶಿ ಹಾಕೋ ಜಾಗ. ಒಂದರಲ್ಲಿ ಜನ ಕಮ್ಮಿ, ಕೈ ಚುರುಕು, ಜಾಗ 8. ಇನ್ನೊಂದರಲ್ಲಿ ಜನ ಜಾಸ್ತಿ, ಕೈ ನಿಧಾನ, ಜಾಗ 12.

ಅವರು ಕೇಳಿದ್ದು ಒಂದೇ ಪ್ರಶ್ನೆ. ‘ನಿಮ್ಮ ರಾಶಿ ಎಷ್ಟು ದೊಡ್ಡದು?’

ಎರಡು ವಾರದಲ್ಲಿ ಇದನ್ನ ಯಾರೂ ಲೆಕ್ಕ ಹಾಕಿರಲಿಲ್ಲ. ಎರಡೂ ಕಾರ್ಡ್ ಏನು ಮಾಡಬಲ್ಲವು ಅಂತ ನೋಡಿದ್ವಿ, ನಮ್ಮ ಕೆಲಸಕ್ಕೆ ಏನು ಬೇಕು ಅಂತ ನೋಡಿರಲಿಲ್ಲ. ಫೋನ್ ಇಟ್ಟ ಮೇಲೆ ಕೂತೆವು. ಅಲ್ಲಿ ತನಕ ಫೋಟೋಗಳನ್ನ 256 × 256 ಪಿಕ್ಸೆಲ್‌ಗೆ ಇಳಿಸಿ, ಉಚಿತವಾಗಿ ಸಿಗೋ ಆನ್‌ಲೈನ್ ಜಿಪಿಯುನಲ್ಲಿ ಟ್ರೇನ್ ಮಾಡ್ತಿದ್ವಿ (ಅದು ಮಧ್ಯರಾತ್ರಿ ಕೈ ಕೊಡ್ತಿತ್ತು, ಬಿಡಿ). ಅಷ್ಟು ಚಿಕ್ಕದಾದ್ರೆ ಶುರುವಿನ ಚುಕ್ಕಿ ಅಳಿಸೇ ಹೋಗ್ತಿತ್ತು. ನಮಗೆ ಬೇಕಾಗಿದ್ದೇ ಆ ಶುರುವಿನ ಚುಕ್ಕಿ! 512ಕ್ಕೆ ಏರಿಸಿದ್ರೆ ಕಾಣುತ್ತೆ. ಆದ್ರೆ ಅಗಲವೂ ಎರಡು ಪಟ್ಟು, ಎತ್ತರವೂ ಎರಡು ಪಟ್ಟು. ನೆಟ್‌ವರ್ಕ್‌ನ ಮಧ್ಯದ ಪದರಗಳು ಹಿಡಿಯೋ ಮೆಮೊರಿ ಹತ್ರ ಹತ್ರ ನಾಲ್ಕು ಪಟ್ಟು. ಬ್ಯಾಚ್ ಇಳಿಸಿ ಇಳಿಸಿ ಎಷ್ಟು ಹೊಂದಿಸಿದ್ರೂ ನಮ್ಮ ಅಂದಾಜು 8 ದಾಟ್ತಿತ್ತು. ಜಾಗ ಸಾಲದಿದ್ರೆ ಸಾಮಾನ್ಯವಾಗಿ ಟ್ರೇನಿಂಗ್ ಎರರ್ ಕೊಟ್ಟು ನಿಂತೇಬಿಡುತ್ತೆ. ಆಗ 15.1 ಇದ್ದರೂ ಒಂದೇ, 12.7 ಇದ್ದರೂ ಒಂದೇ.

ಮೈಸೂರಿನವನು ನೋಟ್‌ಬುಕ್ ಮುಚ್ಚಿದ. ‘ಆಯ್ತು, ತಗೊಳ್ಳಿ’ ಅಂದ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಫ್ರೇಮ್ ಜನರೇಷನ್ 4060ರಲ್ಲಿ ಮಾತ್ರ ಇದೆ ಅನ್ನೋ ದುಃಖ ಅವನಿಗೆ ಇವತ್ತಿಗೂ ಇದೆ. ಅವನ 7,500 ಕೂಡ ಅದರಲ್ಲಿತ್ತಲ್ಲ, ಬೇಜಾರಾಗೋದು ಸಹಜ.

ಎಸ್.ಪಿ. ರೋಡಿಗೆ ನಾಲ್ವರೂ ಹೋದೆವು. ನೀವು ಹೋದ್ರೆ ಒಂದು ನೋಡ್ಕೊಳ್ಳಿ: 3060 ಅನ್ನೋ ಅದೇ ಹೆಸರಲ್ಲಿ 8 ಜಿಬಿಯದ್ದೂ ಇದೆ. ಅದರ ಬಸ್ ಕೂಡ 128 ಬಿಟ್, ಬ್ಯಾಂಡ್‌ವಿಡ್ತ್ 240ಕ್ಕೆ ಇಳಿಯುತ್ತೆ. ಬಾಕ್ಸ್ ಮೇಲೆ ‘12’ ಓದದೆ ದುಡ್ಡು ಕೊಡಬೇಡಿ. ರೂಮಿಗೆ ತಂದು ಹಾಕೋಕೆ ಹೋದ್ರೆ ನಮ್ಮ ಹಳೇ ಎಸ್‌ಎಂಪಿಎಸ್‌ನಲ್ಲಿ 8 ಪಿನ್ ಕನೆಕ್ಟರೇ ಇಲ್ಲ. ಮಿಕ್ಕಿದ ದುಡ್ಡೆಲ್ಲ ಹೊಸ ಎಸ್‌ಎಂಪಿಎಸ್‌ಗೆ ಹೋಯ್ತು. ಆ 170 ವಾಟ್‌ನ ಬಗ್ಗೆ ಮೈಸೂರಿನವನು ಹೇಳಿದಾಗ ಕಿವಿಗೆ ಹಾಕ್ಕೊಳ್ಳದೇ ಇದ್ದದ್ದಕ್ಕೆ ಅವನು ನಮ್ಮನ್ನ ನೋಡಿ ನಕ್ಕ. ಮಾತು ಶುರುವಾಗಿದ್ದೂ ಅವತ್ತೇ.

ಮೊದಲ ರಾತ್ರಿ 512ರಲ್ಲಿ ಟ್ರೇನಿಂಗ್ ಓಡಿಸಿ, ಮೆಮೊರಿ ಎಷ್ಟು ತುಂಬುತ್ತೆ ಅಂತ ನಾಲ್ವರೂ ಸ್ಕ್ರೀನ್ ಮುಂದೆ ನಿಂತಿದ್ವಿ. 7 ದಾಟಿತು. 8 ದಾಟಿತು. ಹತ್ತರ ಹತ್ರ ಹೋಗಿ ನಿಂತಿತು. ಹುಬ್ಬಳ್ಳಿಯವನೂ ಎದ್ದು ಬಂದಿದ್ದ.

ಹೋದ ವಾರ ಅಪ್ಪಯ್ಯ ತೋಟದಿಂದ ಹೊಸ ಫೋಟೋ ಕಳಿಸಿದ್ರು, ಮಳೆ ನಿಂತ ತಕ್ಷಣ ತೆಗೆದಿದ್ದು. ನಮ್ಮ ಮಾಡೆಲ್ ಪ್ರತಿ ಮಳೆಹನಿಯನ್ನೂ ಚುಕ್ಕಿ ಅಂತು. ಆರೋಗ್ಯವಾಗಿರೋ ಒದ್ದೆ ಸೋಗೆಯ ಫೋಟೋ ನಮ್ಮ ಹತ್ರ ಒಂದೂ ಇಲ್ಲ. ಈ ಶನಿವಾರ ನಾಲ್ವರೂ ಕೊಪ್ಪಕ್ಕೆ ಹೊರಟಿದ್ದೀವಿ.