ಅಂಕಪಟ್ಟಿ ವಡೆಯಲ್ಲ

ನನ್ನ ಊರು ಮದ್ದೂರು, ಕೆಲಸ ಮಂಡ್ಯದ ಒಂದು ಕಾಲೇಜಿನಲ್ಲಿ. ಅಲ್ಲಿನ ಕಂಪ್ಯೂಟರುಗಳ ಯೋಗಕ್ಷೇಮ ನನ್ನ ಪಾಲಿನದು. ಹಾಗೆಂದರೆ ಏನು ಮಾಡುತ್ತೀಯ ಎಂದು ಯಾರಾದರೂ ಕೇಳಿದರೆ, ದಿನವೂ ರೈಲಿನಲ್ಲಿ ಕಾಣುವ ವಡೆ ಮಾರುವವನನ್ನೇ ತೋರಿಸುತ್ತೇನೆ. ರೈಲು ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಕೇಳಿದವರಿಗೆಲ್ಲ ಹಿಟ್ಟು ತಟ್ಟಿ, ಕರಿದು ಕೊಡುವುದು ಆಗುವ ಮಾತಲ್ಲ. ಅದಕ್ಕೇ ಕರಿದಿಟ್ಟ ವಡೆಯನ್ನು ಬುಟ್ಟಿಗೆ ತುಂಬಿಕೊಂಡು ಒಬ್ಬ ಮುಂದೆ ನಿಂತಿರುತ್ತಾನೆ. ಒಲೆಯ ಮುಂದಿನವನಿಗೆ ಗದ್ದಲ ತಟ್ಟುವುದಿಲ್ಲ.

ವೆಬ್‌ಸೈಟುಗಳ ಮುಂದೆಯೂ ಇಂಥ ಒಬ್ಬ ಬುಟ್ಟಿಯವನಿರುತ್ತಾನೆ. ಅವನ ಹೆಸರು ರಿವರ್ಸ್ ಪ್ರಾಕ್ಸಿ. ಒಳಗಿನ ಕಂಪ್ಯೂಟರಿನಿಂದ ಒಮ್ಮೆ ತಂದ ಪುಟದ ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡು, ಆಮೇಲೆ ಅದೇ ಪುಟ ಕೇಳಿದವರಿಗೆಲ್ಲ ತಾನೇ ಕೊಟ್ಟು ಕಳುಹಿಸುತ್ತಾನೆ. ಆ ಸಂಗ್ರಹಕ್ಕೆ ಕ್ಯಾಶ್ ಎನ್ನುತ್ತಾರೆ. ನಮ್ಮಲ್ಲಿದ್ದದ್ದು ಸ್ಕ್ವಿಡ್ ಎಂಬ ತಂತ್ರಾಂಶ. 1996ರಿಂದ ಬಳಕೆಯಲ್ಲಿರುವ ಹಳೆಯ ಹುಲಿ.

2017ರಲ್ಲಿ ನಮ್ಮ ಕಾಲೇಜಿನ ಆಂತರಿಕ ಪರೀಕ್ಷೆಯ ಅಂಕಗಳು ಪ್ರಕಟವಾದ ಮರುದಿನ, ಮಳವಳ್ಳಿ ಕಡೆಯ ಹಳ್ಳಿಯೊಂದರಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಒಬ್ಬ ತಂದೆ ಮಗಳೊಡನೆ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಹುಡುಗಿಯ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು. 'ಎರಡು ವಿಷಯದಾಗೆ ಫೇಲು ಅಂತ ತೋರಿಸ್ತದೆ ಸ್ವಾಮಿ. ನಮ್ಮುಡ್ಗಿ ಅಂಗೆ ಓದೋಳಲ್ಲ. ಒಸಿ ಇನ್ನೊಂದು ಕಿತ ನೋಡಿ' ಎಂದರು. ಅವಳ ಮೊಬೈಲನ್ನು ಕೈಗೆ ತೆಗೆದುಕೊಂಡು ಪುಟವನ್ನು ಮೇಲಕ್ಕೆ ಸರಿಸಿದೆ. ತಲೆಯಲ್ಲಿ ಸಣ್ಣ ಅಕ್ಷರಗಳಲ್ಲಿದ್ದ ಹೆಸರು ಅವಳದಾಗಿರಲಿಲ್ಲ. ಅವಳ ತರಗತಿಯ ಇನ್ನೊಬ್ಬ ಹುಡುಗಿಯದು. ಕೆಂಪು ಗುರುತು ಕಂಡೊಡನೆ ಇವಳು ಮೇಲೆ ನೋಡುವ ಗೋಜಿಗೇ ಹೋಗಿರಲಿಲ್ಲ. ಒಳಗಿನ ಕಂಪ್ಯೂಟರಿನಲ್ಲಿ ನೇರವಾಗಿ ನೋಡಿದೆ. ಎಲ್ಲದರಲ್ಲೂ ಪಾಸು.

ತಂದೆ ಕೈಮುಗಿದು ಹೋದರು. ನನಗೆ ಮಾತ್ರ ನೆಮ್ಮದಿ ಇರಲಿಲ್ಲ. ಹಾಗಾದರೆ ಆ ಇನ್ನೊಬ್ಬ ಹುಡುಗಿಯ ಸೋಲು ರಾತ್ರಿಯಿಡೀ ಎಷ್ಟು ಮಂದಿಯ ಕಣ್ಣಿಗೆ ಬಿದ್ದಿರಬೇಕು?

ಸುದ್ದಿ ಹರಡಿತು. ಸ್ಕ್ವಿಡ್ ಹಳತಾಯಿತು, ಬೇರೆ ಹಾಕೋಣ ಎಂದು ಎಲ್ಲರೂ ಹೇಳಿದರು. ನಾನೂ ಹೂಂಗುಟ್ಟಿದೆ. ತಪ್ಪನ್ನು ಯಂತ್ರದ ತಲೆಗೆ ಕಟ್ಟುವುದು ಯಾರಿಗೆ ಬೇಡ! ಕಣದಲ್ಲಿ ಇಬ್ಬರಿದ್ದರು. ಒಂದು ವಾರ್ನಿಷ್. ನಾರ್ವೆಯ ವಿಜಿ ಎಂಬ ಪತ್ರಿಕೆಗಾಗಿ 2006ರಲ್ಲಿ ಹುಟ್ಟಿದ್ದು. ಅಲ್ಲಿ 12 ಸ್ಕ್ವಿಡ್ ಯಂತ್ರಗಳ ಕೆಲಸವನ್ನು 3 ವಾರ್ನಿಷ್ ಯಂತ್ರಗಳು ಮಾಡಿದ್ದವು. ಇನ್ನೊಂದು ರಷ್ಯಾದ ಈಗೊರ್ ಸಿಸೊಯೆವ್ ಬರೆದು 2004ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ಎಂಜಿನ್‌ಎಕ್ಸ್.

ಹಳೆಯ ಯಂತ್ರದಲ್ಲಿ ನಾನು ಬರೆದಿಟ್ಟಿದ್ದ ನಿಯಮಗಳನ್ನೇ ಎರಡಕ್ಕೂ ಹೊಂದಿಸಿ ಪರೀಕ್ಷೆಗೆ ಇಟ್ಟೆ. ಎರಡೂ ಮಿಂಚಿನಂತೆ ಓಡಿದವು. ಕೊನೆಗೆ, ಸುಮ್ಮನೆ ನೋಡೋಣವೆಂದು, ಇಬ್ಬರು ವಿದ್ಯಾರ್ಥಿಗಳ ಹೆಸರಿನಲ್ಲಿ ಎರಡು ಪರೀಕ್ಷಾ ಖಾತೆ ತೆರೆದು ಒಂದಾದ ಮೇಲೊಂದರಂತೆ ಒಳಹೊಕ್ಕೆ. ಎರಡನೆಯವನಿಗೆ ಮೊದಲನೆಯವನ ಅಂಕಪಟ್ಟಿ ಬಂತು. ವಾರ್ನಿಷ್‌ನಲ್ಲೂ ಬಂತು, ಎಂಜಿನ್‌ಎಕ್ಸ್‌ನಲ್ಲೂ ಬಂತು.

ಆಗ ನೆನಪಾಯಿತು. ಹಿಂದಿನ ವರ್ಷ ಫಲಿತಾಂಶದ ದಿನ ನೂಕುನುಗ್ಗಲಿಗೆ ಒಳಗಿನ ಕಂಪ್ಯೂಟರು ಕುಸಿದುಬಿದ್ದಿತ್ತು. ಅಂಕದ ಪುಟಗಳಿಗೆ 'ಇದು ಖಾಸಗಿ, ಕೂಡಿಡಬೇಡ' ಎಂಬ ಚೀಟಿಯನ್ನು ಅದು ಅಂಟಿಸಿಯೇ ಕಳುಹಿಸುತ್ತಿತ್ತು. ಹೊರೆ ಇಳಿಸುವ ಅವಸರದಲ್ಲಿ ಆ ಚೀಟಿಯನ್ನು ಲೆಕ್ಕಿಸಬೇಡ ಎಂದು ಸ್ಕ್ವಿಡ್‌ಗೆ ಅಪ್ಪಣೆ ಕೊಟ್ಟವನು ನಾನೇ. ಅಂಕದ ಪುಟದ ವಿಳಾಸ ಎಲ್ಲರಿಗೂ ಒಂದೇ. ಯಾರು ಕೇಳುತ್ತಿದ್ದಾರೆ ಎಂಬುದನ್ನು ಕುಕಿ ಎಂಬ ಗುರುತಿನ ಚೀಟಿಯಿಂದ ತಿಳಿಯಬೇಕು. ವಿಳಾಸ ಒಂದೇ ಎಂದುಕೊಂಡು ಬುಟ್ಟಿಯವನು ಮೊದಲು ಸಿಕ್ಕ ಪ್ರತಿಯನ್ನು ಎಲ್ಲರಿಗೂ ಹಂಚಿದ್ದ. ಯಾರ ಕೈಗೆ ಕೊಟ್ಟರೂ ವಡೆ ವಡೆಯೇ. ಅಂಕಪಟ್ಟಿ ಹಾಗಲ್ಲ.

ಆ ಅಪ್ಪಣೆಯನ್ನು ತೆಗೆದು ಮತ್ತೆ ನೋಡಿದರೆ ಹಳೆಯ ಸ್ಕ್ವಿಡ್ ಕೂಡ ಅವರವರ ಅಂಕವನ್ನು ಅವರವರಿಗೇ ಕೊಟ್ಟಿತು! ವೇಳಾಪಟ್ಟಿ, ಸುತ್ತೋಲೆ, ಚಿತ್ರಗಳು ಎಲ್ಲರಿಗೂ ಸಮಾನವಾದವು. ಅವಷ್ಟೇ ಬುಟ್ಟಿಯಲ್ಲಿರಲಿ, ಅಂಕಗಳು ಪ್ರತಿ ಬಾರಿಯೂ ಒಲೆಯಿಂದಲೇ ಬರಲಿ ಎಂದು ಗೆರೆ ಎಳೆದೆ. ಹೊರೆ ಬಹುಮಟ್ಟಿಗೆ ಅಷ್ಟರಿಂದಲೇ ಇಳಿಯಿತು.

ಕೊನೆಗೆ ನಾವು ಎಂಜಿನ್‌ಎಕ್ಸ್‌ಗೆ ಬದಲಾದದ್ದು ನಿಜ. ಆದರೆ ವೇಗಕ್ಕಾಗಿ ಅಲ್ಲ. ನಮ್ಮಷ್ಟು ಜನಕ್ಕೆ ಮೂರರ ವೇಗದಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಗುಪ್ತಲಿಪಿಯ ಸಂಪರ್ಕಕ್ಕೆ ಆಗಿನ ವಾರ್ನಿಷ್‌ನ ಮುಂದೆ ಇನ್ನೊಂದು ತಂತ್ರಾಂಶವನ್ನು ನಿಲ್ಲಿಸಬೇಕಿತ್ತು. ಎಂಜಿನ್‌ಎಕ್ಸ್ ಅದನ್ನು ತಾನೇ ನೋಡಿಕೊಳ್ಳುತ್ತಿತ್ತು. ಮೇಲಾಗಿ ನನ್ನ ಕಿರಿಯ ಸಹೋದ್ಯೋಗಿಗಳಿಗೆ ಅದು ಚೆನ್ನಾಗಿ ಗೊತ್ತಿತ್ತು. ನಾನು ರಜೆಯಲ್ಲಿದ್ದಾಗಲೂ ನನ್ನ ನಿಯಮಗಳನ್ನು ಓದಿ, ಇದು ತಪ್ಪು ಸಾರ್ ಎನ್ನಬಲ್ಲವರು ಬೇಕಿತ್ತು.

ಆ ಇನ್ನೊಬ್ಬ ಹುಡುಗಿಯನ್ನು ಕರೆಸಿ ಕ್ಷಮೆ ಕೇಳಿದೆ. 'ಪರವಾಗಿಲ್ಲ ಸಾರ್' ಎಂದಳು. ಸ್ವಲ್ಪ ತಡೆದು, 'ನಾನು ಹೇಳೋಕೆ ಮೊದಲೇ ಮನೇಲಿ ಗೊತ್ತಾಗಿಬಿಟ್ಟಿತ್ತು' ಎಂದಳು. ಮನೆಯವರಿಗೆ ತಾನೇ ಹೇಳಬೇಕೆಂದಿದ್ದ ಮಾತನ್ನು ನಾನು ಅವಳಿಂದ ಕಿತ್ತುಕೊಂಡಿದ್ದೆ. ಅದನ್ನು ಯಾವ ತಂತ್ರಾಂಶವೂ ಹಿಂದಿರುಗಿಸಿ ಕೊಡಲಾರದು.

ಈಗಲೂ ಪ್ರತಿ ಫಲಿತಾಂಶದ ಹಿಂದಿನ ಸಂಜೆ, ಮಂಡ್ಯದಿಂದ ಮದ್ದೂರಿಗೆ ಬರುವ ರೈಲಿನಲ್ಲಿ ಕುಳಿತು ಆ ಎರಡು ಪರೀಕ್ಷಾ ಖಾತೆಗಳನ್ನು ತೆರೆದು ನೋಡುತ್ತೇನೆ. ತಂದೆತಾಯಿಯರಿಗೆ ಒಂದು ಕಿವಿಮಾತು: ಅಂಕ ನೋಡುವ ಮುಂಚೆ ಪುಟದ ತಲೆಯಲ್ಲಿರುವ ಹೆಸರು, ನೋಂದಣಿ ಸಂಖ್ಯೆ ನೋಡಿ. ಅದು ನಿಮ್ಮ ಮಗುವಿನದಲ್ಲವಾದರೆ ಮುಂದೆ ಓದಬೇಡಿ. ಆ ಅಂಕಗಳು ಇನ್ನೊಂದು ಮನೆಯವು.