ಆರೂಕಾಲು ಗ್ರಾಂ

ಜೂನ್ 9, ಸೋಮವಾರ. ರಾತ್ರಿ 9

ನಾಲ್ಕನೇ ಬೆಡ್. ಐದು ತಿಂಗಳ ಹೆಣ್ಣುಕೂಸು, 4.2 ಕೆ.ಜಿ. ಹೃದಯದ ಗೋಡೆಯ ತೂತು ಮುಚ್ಚಿ ಮಧ್ಯಾಹ್ನ ಐಸಿಯುಗೆ ತಂದರು. ಹೃದಯ-ಶ್ವಾಸಕೋಶದ ಬೈಪಾಸ್ ಯಂತ್ರದ ಮೇಲೆ ಹೊತ್ತು ಜಾಸ್ತಿಯೇ ಆಯಿತಂತೆ. ದ್ರವ ಅರ್ಧಕ್ಕೆ ಕಟ್ಟು: ದಿನಕ್ಕೆ 210 ಮಿ.ಲೀ. ಔಷಧಿಗಳೇ ಅದರಲ್ಲಿ ಮುಕ್ಕಾಲು ನುಂಗುತ್ತವೆ. ರಕ್ತದ ಲ್ಯಾಕ್ಟೇಟ್ ಇಳಿಯುವವರೆಗೆ ಟ್ಯೂಬಿಗೆ ಏನೂ ಬೇಡ ಎಂದರು. ನನ್ನ ಡಯಟ್ ಚಾರ್ಟ್ ಖಾಲಿ.

ತಾಯಿ ಲಿಂಗಸುಗೂರು ಕಡೆಯವಳು. ಬಾಗಿಲಲ್ಲಿ ಹಿಡಿದಳು. "ಮೇಡಂ, ಕೂಸು ನಿನ್ನಿ ರಾತ್ರಿಯಿಂದ ಏನೂ ಕುಡದಿಲ್ರಿ."

ಗೊತ್ತಮ್ಮ, ಅಂದೆ.

ಜೂನ್ 10, ಮಂಗಳವಾರ

ತೂಕ 4.5. ತಂದೆಗೆ ಖುಷಿ. ಎಲ್ಲ ನೀರು. ರೆಪ್ಪೆ ಊದಿವೆ, ಪಾದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ.

24 ಗಂಟೆಯ ಮೂತ್ರದ ಸಾರಜನಕ 0.7 ಗ್ರಾಂ. 6.25ರಿಂದ ಗುಣಿಸಿದರೆ ನಾಲ್ಕು ಗ್ರಾಂ ಮೇಲೆ ಪ್ರೋಟೀನ್. ಹಸಿ ಸ್ನಾಯುವಿನ ಲೆಕ್ಕದಲ್ಲಿ 20 ಗ್ರಾಂ ದಾಟುತ್ತದೆ. ಅಷ್ಟೂ ಸ್ನಾಯುವಿನದೇ ಅಲ್ಲದಿರಬಹುದು. ಆದರೂ ಒಂದು ದಿನಕ್ಕೆ, ಈ ಜೀವಕ್ಕೆ!

ಸ್ನಾಯು ಒಡೆದು ಬಂದ ಅಮೈನೋ ಆಮ್ಲ ಲಿವರಿಗೆ. ಅಲ್ಲಿ ಸ್ವಲ್ಪ ಸಕ್ಕರೆ, ಸ್ವಲ್ಪ ಉರಿಯೂತದ ಪ್ರೋಟೀನ್ ಸಿಆರ್‌ಪಿ, ಮಿಕ್ಕದ್ದು ಯೂರಿಯಾ. ಮನೆಯ ತೊಲೆ ಕಿತ್ತು ಒಲೆಗೆ ಹಾಕಿದ ಹಾಗೆ. 1930ರ ಸುಮಾರಿಗೆ ಗ್ಲಾಸ್ಗೋದಲ್ಲಿ ಡೇವಿಡ್ ಕತ್‌ಬರ್ಟ್‌ಸನ್ ಮೂಳೆ ಮುರಿದವರ ಮೂತ್ರದಲ್ಲಿ ಕಂಡದ್ದೂ ಸಾರಜನಕದ ಈ ನಷ್ಟವನ್ನೇ.

ಜೂನ್ 11, ಬುಧವಾರ

ರೌಂಡ್ಸಿನಲ್ಲಿ ವಾದ. ರಕ್ತನಾಳದ ಮೂಲಕವೇ ಅಮೈನೋ ಆಮ್ಲ ಕೊಟ್ಟುಬಿಡೋಣ ಅಂದ ಜೂನಿಯರ್. ನಮ್ಮ ಹಿರಿಯ ಡಾಕ್ಟರ್ ಮೇಡಂ ಒಪ್ಪಲಿಲ್ಲ. 2016ರ ಪೆಪಾನಿಕ್ ಅಧ್ಯಯನ ಮುಂದಿಟ್ಟರು: ಲೂವೆನ್, ರಾಟರ್‌ಡ್ಯಾಮ್, ಎಡ್ಮಂಟನ್, ಒಟ್ಟು 1440 ಮಕ್ಕಳು. ರಕ್ತನಾಳದ ಪೋಷಣೆಗೆ ಒಂದು ವಾರ ಕಾದವರಿಗೆ ಸೋಂಕು ಕಡಿಮೆ, ಐಸಿಯುನಿಂದ ಬೇಗ ಬಿಡುಗಡೆ. ಆಮೇಲಿನ ವಿಶ್ಲೇಷಣೆಯಲ್ಲಿ ಹಾನಿಗೆ ಬೆರಳು ತೋರಿದ್ದು ಅಮೈನೋ ಆಮ್ಲದ ಕಡೆಗೇ. ಸಕ್ಕರೆ, ಕೊಬ್ಬಿನ ಕಡೆಗಲ್ಲ.

ಅತ್ತ 2017ರ ಅಮೆರಿಕದ ಮಾರ್ಗಸೂಚಿ ಕೆ.ಜಿ.ಗೆ ಕನಿಷ್ಠ 1.5 ಗ್ರಾಂ ಪ್ರೋಟೀನ್ ಕೇಳುತ್ತದೆ. ಇವಳಿಗೆ ಆರೂಕಾಲು ಗ್ರಾಂ. ಎದೆಹಾಲಿನಲ್ಲಿ 100 ಮಿ.ಲೀ.ಗೆ ಒಂದು ಗ್ರಾಂ ಆಸುಪಾಸು. ಅಂದರೆ ಆರುನೂರು ಮಿ.ಲೀ. ಮೇಲೆ ಹಾಲು ಬೇಕು. ಔಷಧಿ ಕಳೆದು ಇರುವ ಜಾಗ ಐವತ್ತಕ್ಕೆ.

ಮೇಡಂ ಹೇಳಿದ್ದೇ ಸರಿ ಅನ್ನಿಸುತ್ತದೆ. ಮೂತ್ರದ ರಿಪೋರ್ಟ್ ನೋಡಿದಾಗ ಅನ್ನಿಸುವುದಿಲ್ಲ.

ರಾತ್ರಿ: ಗಂಟೆಗೆ 2 ಮಿ.ಲೀ. ಎದೆಹಾಲು ಶುರು.

ಜೂನ್ 13, ಶುಕ್ರವಾರ. ಬೆಳಗಿನ ಜಾವ 3

ಶ್ವಾಸಕೋಶದ ರಕ್ತನಾಳದ ಒತ್ತಡ ಏರಿ ಕೂಸು ನೀಲಿಗಟ್ಟಿತು. ನೈಟ್ರಿಕ್ ಆಕ್ಸೈಡ್ ಗ್ಯಾಸ್ ಹಚ್ಚಿದರು. ಹಾಲು ಬಂದ್.

ಇದೇ ನೈಟ್ರಿಕ್ ಆಕ್ಸೈಡನ್ನು ದೇಹ ಆರ್ಜಿನಿನ್‌ನಿಂದ ತಾನೇ ಮಾಡಿಕೊಳ್ಳುತ್ತದೆ. ಆರ್ಜಿನಿನ್‌ಗೆ ಸಿಟ್ರುಲಿನ್ ಬೇಕು. ಸಿಟ್ರುಲಿನ್ ಬರುವುದು ಸಣ್ಣ ಕರುಳಿನಿಂದ. ಬೈಪಾಸ್ ಆದ ಮಕ್ಕಳಲ್ಲಿ ಸಿಟ್ರುಲಿನ್ ಕುಸಿಯುತ್ತದೆ. ಸಿಲಿಂಡರಿನ ಮೀಟರ್ ನೋಡುತ್ತಾ ನಿಂತಾಗ ತಲೆಯಲ್ಲಿ ಇದೇ ಸುತ್ತುತ್ತಿತ್ತು. ಅಷ್ಟೊತ್ತಿಗೆ ಮಾಡಲು ನನಗೆ ಬೇರೆ ಕೆಲಸವೂ ಇರಲಿಲ್ಲ.

ಹಿಂಡಿಟ್ಟ ಹಾಲಿನ ಬಾಟಲಿ ಹಿಡಿದು ತಾಯಿ ಹೊರಗೆ. "ಚೆಲ್ಲಬ್ಯಾಡ್ರಿ." ಫ್ರಿಜ್‌ನಲ್ಲಿ ಬೇರೆಯವರ ಬಾಟಲಿಗಳನ್ನು ಸರಿಸಿ ಇಟ್ಟೆ.

ಜೂನ್ 16, ಸೋಮವಾರ

ವೆಂಟಿಲೇಟರ್ ತೆಗೆದರು! ಅಳು ಕೀರಲು. ಒತ್ತಡ ಇಳಿದ ಮೇಲೆ ಶನಿವಾರದಿಂದಲೇ ಹಾಲು ಮತ್ತೆ ಹೋಗುತ್ತಿದೆ, ವಾಂತಿಯಿಲ್ಲ.

ತೂಕ 4.0. ನೀರು ಇಳಿಸುವ ಲಾಸಿಕ್ಸ್ ಚೆನ್ನಾಗಿ ಕೆಲಸ ಮಾಡಿದೆ ಎಂದು ರೌಂಡ್ಸಿನಲ್ಲಿ ಹೊಗಳಿದರು. ಬಂದಾಗಿನ ತೂಕಕ್ಕಿಂತ 200 ಗ್ರಾಂ ಕಡಿಮೆ ಎಂದೆ. ಯಾರೋ ಬರೆದುಕೊಂಡರು. ತೊಡೆಯ ಚರ್ಮ ಮಡಿಕೆ ಬಿದ್ದಿದೆ.

ತಂದೆ ಫೋನಿನಲ್ಲಿ ಗ್ಲುಟಮಿನ್ ಪುಡಿಯ ಚಿತ್ರ ತೋರಿಸಿದರು. ಬೇಡವೇ ಬೇಡ ಅಂದೆ. 2013ರ ದೊಡ್ಡ ಪ್ರಯೋಗದಲ್ಲಿ ಅದನ್ನು ಪಡೆದ ಐಸಿಯು ರೋಗಿಗಳಲ್ಲೇ ಸಾವು ಹೆಚ್ಚಿತ್ತು. ಅವರು ದೊಡ್ಡವರು, ನಿಜ. ಆದರೂ ಬೇಡ.

ದ್ರವದ ಕಟ್ಟು ಸಡಿಲವಾಗಿದೆ. ನಾಳೆಗೆ: ಮೂರು ಗಂಟೆಗೊಮ್ಮೆ 50 ಮಿ.ಲೀ. ಅರ್ಧ ಎದೆಹಾಲು, ಅರ್ಧ ಹೆಚ್ಚು ಪ್ರೋಟೀನಿನ ಫಾರ್ಮುಲಾ. ಒಟ್ಟು ಸುಮಾರು 7 ಗ್ರಾಂ. ಬೆಳಗ್ಗೆ ಯೂರಿಯಾ ನೋಡಬೇಕು.